ನಿಮ್ಮ ಜೇನು, ನಮ್ಮ ಭಾನುವಾರದ ನಿಯಮ

ಪೂವಯ್ಯಣ್ಣ,

ಇದನ್ನು ಅಂಗಡಿಯಲ್ಲೇ ಕೂತು ಬರೆಯುತ್ತಿದ್ದೇನೆ. ಮಧ್ಯಾಹ್ನದ ಹೊತ್ತು, ಕುಶಾಲನಗರದ ಬಿಸಿಲು ಈಗ ಕೇಳಬೇಡಿ. ಮೆಷಿನ್ನಿನ ಮೇಲೆ ಯಾರದೋ ಮದುವೆ ಬ್ಲೌಸು ಅರ್ಧಕ್ಕೆ ನಿಂತಿದೆ. ನಿಲ್ಲಲಿ. ನೀವು ಎದುರಿಗಿದ್ದಾಗ ನನ್ನ ಮಾತನ್ನು ಪೂರ್ತಿ ಕೇಳಿದವರೇ ಅಲ್ಲ. "ಆಯ್ತು ಟೈಲರಮ್ಮ, ಗೊತ್ತಾಯ್ತು" ಎಂದು ಕೈಯಾಡಿಸಿ ಮುಂದೆ ನಡೆದುಬಿಡುತ್ತಿದ್ದಿರಿ. ಈಗ ಎಲ್ಲಿಗೂ ನಡೆಯುವ ಹಾಗಿಲ್ಲವಲ್ಲ, ಕೂತು ಕೇಳಿಸಿಕೊಳ್ಳಿ. ನಿಮ್ಮ ಜೇನಿನ ವಿಷಯ ಹೇಳುವುದಿದೆ. ನೀವು ಬಿಟ್ಟುಹೋದ ಐದು ಪೆಟ್ಟಿಗೆಗಳಲ್ಲಿ ಒಂದರಲ್ಲಿ ಮಾತ್ರ ಜೀವ ಉಳಿದಿದೆ. ಆ ಒಂದನ್ನು ಉಳಿಸಿಕೊಳ್ಳಲು ನಾವು ಪಟ್ಟ ಪಾಡು, ನಿಮ್ಮ ಮನೆಯಾಕೆ ಲೀಲಕ್ಕ ಪಟ್ಟ ಸಂಕಟ, ಹೋದ ಭಾನುವಾರ ಆ ಪೆಟ್ಟಿಗೆಯ ಮುಂದೆ ಆದದ್ದು, ಎಲ್ಲವನ್ನೂ ಹೇಳಬೇಕು. ಅದರ ಜೊತೆಗೆ ನಿಮ್ಮ ಮೇಲೆ ನನಗಿರುವ ಸಿಟ್ಟನ್ನೂ ಹೇಳಬೇಕು.

ನೀವು ಮೊದಲ ಸಲ ನನ್ನ ಅಂಗಡಿಗೆ ಬಂದದ್ದು ನೆನಪಿದೆಯಾ? ಕೈಯಲ್ಲಿ ಒಂದು ತುಂಡು ದಪ್ಪ ಖಾಕಿ ಬಟ್ಟೆ. ಪುಟ್ಟದೊಂದು ಚೀಲ ಹೊಲಿದುಕೊಡಿ, ಒಳಗೆ ಅಕ್ಕಿ ತುಂಬಬೇಕು ಎಂದಿರಿ. ಮಗುವಿಗೆ ತಲೆದಿಂಬಾ ಎಂದು ಕೇಳಿದೆ. ಅಲ್ಲ, ಲೆನ್ಸಿಗೆ ತಲೆದಿಂಬು ಎಂದು ನಕ್ಕಿರಿ. ಜೀಪಿನ ಕಿಟಕಿಯ ಮೇಲೆ ಆ ಚೀಲ ಇಟ್ಟು, ಅದರ ಮೇಲೆ ಕ್ಯಾಮೆರಾ ಊರಿದರೆ ಅಲುಗುವುದಿಲ್ಲ ಎಂದು ವಿವರಿಸುತ್ತಿದ್ದವರು ಮಾತು ನಿಲ್ಲಿಸಿ ನನ್ನ ಕಿಟಕಿಯ ಕಡೆ ನೋಡಿದಿರಿ. ಹರಳು ಗಿಡದ ಎಲೆ ಹಾಕಿ ನಾನು ಕಂಬಳಿಹುಳ ಸಾಕುತ್ತಿದ್ದ ಬಾಟಲಿಗಳು ಅಲ್ಲಿ ಸಾಲಾಗಿದ್ದವು. ಹುಳ ಗೂಡು ಕಟ್ಟಿ ಪತಂಗವಾಗಿ ಹೊರಗೆ ಬರುವುದನ್ನು ಕಾದು ಮೊಬೈಲಿನಲ್ಲಿ ತೆಗೆಯುವುದು ನನ್ನ ಹುಚ್ಚು. ಹಾಸನದಿಂದ ಬರುವ ನಮ್ಮ ನೆಂಟರೆಲ್ಲ ಇವಳಿಗೇನೋ ಆಗಿದೆ ಎಂದು ಆಡಿಕೊಳ್ಳುತ್ತಿದ್ದ ಕಾಲ. ನೀವು ಮಾತ್ರ ಸ್ಟೂಲು ಎಳೆದುಕೊಂಡು ಕೂತು ಒಂದೊಂದು ಬಾಟಲಿಯನ್ನೂ ಎತ್ತಿ ನೋಡಿದಿರಿ. ಚೀಲ ಒಯ್ಯಲು ಬಂದ ದಿನ ನಿಮ್ಮದೇ ಹಳೆಯ ಕ್ಯಾಮೆರಾ ಒಂದನ್ನು ಮೇಜಿನ ಮೇಲಿಟ್ಟು, ಭಾನುವಾರ ಗಾಳಿಬೀಡಿಗೆ ಬನ್ನಿ ಎಂದಿರಿ.

ಆ ಭಾನುವಾರ ನಿಮ್ಮ ಮನೆ ಪಕ್ಕದ ಕಾಫಿ ತೋಟದ ಗೇಟಿನಲ್ಲಿ ಇನ್ನಿಬ್ಬರು ನಿಂತಿದ್ದರು. ಒಬ್ಬ ಹಮೀದ್, ಮಡಿಕೇರಿಯ ಜೀಪಿನವನು. ಕ್ಯಾಮೆರಾ ಹಿಡಿಯುವುದಕ್ಕಿಂತ ಅದನ್ನು ಬಿಚ್ಚುವುದೇ ಅವನಿಗೆ ಇಷ್ಟ. ಬೂಸ್ಟು ಹಿಡಿದ ಹಳೇ ರೀಲು ಕ್ಯಾಮೆರಾಗಳನ್ನು ಎಲ್ಲೆಲ್ಲಿಂದಲೋ ತಂದು, ಜೀಪಿನ ಬಾನೆಟ್ ಮೇಲೆ ಟವೆಲ್ ಹಾಸಿ, ಸ್ಕ್ರೂ ಒಂದೊಂದನ್ನೂ ಬಿಚ್ಚಿಟ್ಟು ಪುನಃ ಜೋಡಿಸುವವನು. ಇನ್ನೊಬ್ಬರು ಡೈಸಿ ಟೀಚರ್. ರಿಟೈರ್ ಆದ ಮೇಲೆ ಹಕ್ಕಿ ಫೋಟೋ ಶುರುಮಾಡಿ, ಫೋಟೋಗಿಂತ ದನಿ ಚೆನ್ನ ಎಂದು ಪುಟ್ಟ ರೆಕಾರ್ಡರ್ ಕೊಂಡು, ಹಕ್ಕಿಗಳ ಕೂಗನ್ನು ಕೂಡಿಸಿಡುತ್ತಿದ್ದವರು. ಇವರೆಲ್ಲ ಫೋಟೋದವರಾ ಎಂದು ನಾನು ಮೆಲ್ಲಗೆ ಕೇಳಿದ್ದಕ್ಕೆ ನೀವು ಹೇಳಿದ್ದು ನನಗೆ ಈಗಲೂ ನೆನಪಿದೆ. "ಕ್ಲಿಕ್ ಮಾಡೋದು ಎಷ್ಟು ಹೊತ್ತಿನ ಕೆಲಸ ಮಾರಾಯ್ತಿ? ಉಳಿದದ್ದೆಲ್ಲ ಕಾಯೋದು. ಕಾಯುವಾಗ ಮಾಡ್ಲಿಕ್ಕೆ ಎಂತಾದ್ರೂ ಬೇಕಲ್ಲ. ಇಲ್ಲದವ್ರು ಎರಡು ವಾರ ಬಂದು ಕ್ಯಾಮೆರಾ ಮಾರ್ತಾರೆ."

ನಿಮ್ಮ "ಎಂತಾದ್ರೂ" ಜೇನು ಎಂದು ಗೊತ್ತಾದದ್ದು ಅದೇ ದಿನ. ಹೂವಿನ ಮೇಲೆ ಕೂತ ತುಡುವೆ ಜೇನಿನ ಫೋಟೋ ತೆಗೆಯಲು ಹೋಗಿ, ಅದು ಎಲ್ಲಿಂದ ಬಂತು ಎಂದು ಬೆನ್ನು ಹತ್ತಿ, ಕೊನೆಗೆ ಪೆಟ್ಟಿಗೆಯನ್ನೇ ಇಟ್ಟುಕೊಂಡವರು ನೀವು. ಗೇಟಿನಿಂದ ಮೇಲೆ, ದೊಡ್ಡ ಹಲಸಿನ ಮರ ದಾಟಿ, ಇಳಿಜಾರಿನ ತುದಿಯಲ್ಲಿ ಧಣಿಗಳ ಒಪ್ಪಿಗೆ ಪಡೆದು ಇಟ್ಟ ಐದು ಪೆಟ್ಟಿಗೆಗಳು. ಕಾಲಿನ ಕೆಳಗೆ ನೀರು ತುಂಬಿದ ಬಟ್ಟಲು, ಇರುವೆ ಹತ್ತದಂತೆ. ನನ್ನ ಪತಂಗಕ್ಕೂ ನಿಮ್ಮ ಜೇನಿಗೂ ಮೊದಲ ದಿನದಿಂದಲೇ ಜಗಳ. ಸೊರಗಿದ ಪೆಟ್ಟಿಗೆಗೆ ಮೇಣದ ಪತಂಗ ಹೊಕ್ಕು ಮೊಟ್ಟೆಯಿಡುತ್ತದೆ, ಅದರ ಹುಳ ಎರಿಯನ್ನೆಲ್ಲ ತಿಂದು ಬಲೆ ನೇಯ್ದುಬಿಡುತ್ತದೆ. ಪೆಟ್ಟಿಗೆ ತೆರೆದು ಅಂಥ ಹುಳ ಕಂಡಾಗಲೆಲ್ಲ ಚಿಮುಟದಲ್ಲಿ ಎತ್ತಿ ತಂದು, ತಗೋ ನಿನ್ನ ಸಾಕುಮಕ್ಕಳು, ನನ್ನ ಮನೆ ತಿಂದು ದಪ್ಪ ಆಗಿದ್ದಾರೆ ಎಂದು ನನ್ನ ಡಬ್ಬಿಗೆ ಹಾಕುತ್ತಿದ್ದಿರಿ. ನಾನು ಅವನ್ನೂ ಮನೆಗೆ ಒಯ್ದು ಸಾಕಿ ಫೋಟೋ ತೆಗೆದೆ. ನಿಮಗೆ ತೋರಿಸಿದಾಗ ಚೆನ್ನಾಗಿದೆ ಅನ್ನಲೂ ಆಗದೆ, ಬಯ್ಯಲೂ ಆಗದೆ ನೀವು ಮೀಸೆ ಎಳೆದುಕೊಂಡು ಕೂತಿದ್ದಿರಿ.

ಇನ್ನು ನಿಮ್ಮ ಭಾನುವಾರದ ನಿಯಮ. ಗೇಟು ದಾಟಿದ ಮೇಲೆ ಯಾರೂ ಮಾತಾಡುವಂತಿಲ್ಲ. ಕೆಮ್ಮಿದವರು, ಒಣಗಿದ ಕಡ್ಡಿ ತುಳಿದವರು, ಮೊಬೈಲಿನ ಬಾಯಿ ಬಿಡಿಸಿದವರು ಆ ದಿನವೆಲ್ಲ ಎಲ್ಲರ ಕ್ಯಾಮೆರಾ ಸ್ಟ್ಯಾಂಡು ಹೊರಬೇಕು. ಎಲ್ಲದಕ್ಕೂ ಕೈಸನ್ನೆ. ಅಂಗೈ ಕುಣಿಸಿದರೆ ಹಕ್ಕಿ, ಮುಷ್ಟಿ ಹಿಡಿದರೆ ನಿಲ್ಲು, ಮೂಗಿನ ಮುಂದೆ ತೋಳು ಇಳಿಬಿಟ್ಟರೆ ಆನೆ. ಮಣ್ಣಿನ ಬಣ್ಣದ ಶರ್ಟು, ಮೆತ್ತನೆ ಅಡಿಯ ಶೂ. ಹಮೀದ್ ಭಾನುವಾರ ನಿಮ್ಮ ಗೇಟಿನಲ್ಲಿ ಹಾರನ್ನು ಕೂಡ ಒತ್ತುತ್ತಿರಲಿಲ್ಲ. ಮೊದಮೊದಲು ಸ್ಟ್ಯಾಂಡು ಹೊರುತ್ತಿದ್ದವಳು ನಾನೇ, ನನ್ನ ಬಾಯಿ ನಿಮಗೆ ಗೊತ್ತಲ್ಲ. ಆಮೇಲೆ ನಾನೂ ಕಲಿತೆ. ಜೇನುಪೆಟ್ಟಿಗೆಯ ಹತ್ತಿರವಂತೂ ಉಸಿರನ್ನೂ ಹಿಡಿದು ನಿಲ್ಲಿಸುತ್ತಿದ್ದಿರಿ. ಜೇನಿಗೆ ಗಲಾಟೆ ಆಗಲ್ಲ, ಒಂದು ಸಲ ರೇಗಿದರೆ ಗೂಡೇ ಬಿಟ್ಟು ಹೋಗುತ್ತವೆ ಎಂದಿರಿ. ನಾವು ನಂಬಿದೆವು. ನಿಮ್ಮನ್ನು ಬಿಟ್ಟರೆ ಜೇನಿನ ವಿಷಯ ನಮಗೆ ಹೇಳುವವರು ಯಾರಿದ್ದರು?

ಆದರೆ ಅಣ್ಣ, ಸೋಮವಾರದಿಂದ ಶನಿವಾರದವರೆಗೆ ನೀವು ಬೇರೆಯೇ ಮನುಷ್ಯ. ಒಮ್ಮೆ ಕಾಫಿ ಹಣ್ಣು ಕೀಳುವ ಪಿಕ್ಕಿಂಗ್ ಸಮಯದಲ್ಲಿ, ವಾರದ ನಡುವೆ, ಲೀಲಕ್ಕನ ಬ್ಲೌಸ್ ಕೊಡಲು ನಿಮ್ಮ ಮನೆಗೆ ಬಂದಿದ್ದೆ. ತೋಟದ ಒಳಗಿಂದ ಒಂದು ಗಂಟಲು ಕೇಳಿಸಿತು. ಯಾರು ಹೀಗೆ ಬೊಬ್ಬೆ ಹೊಡೆಯುತ್ತಿರುವುದು ಎಂದು ಕೇಳಿದರೆ ಲೀಲಕ್ಕ ನಕ್ಕು, ಇನ್ಯಾರು, ತೋಟದ ಆಳುಗಳನ್ನು ನೋಡಿಕೊಳ್ಳುವ ನಮ್ಮ ರೈಟ್ರು ಎಂದರು. ಆ ದಿನ ನೀವು ಬಯ್ಯುತ್ತಿದ್ದದ್ದು ಕೂಲಿ ಲೈನಿನ ಹೆಂಗಸರಿಬ್ಬರನ್ನು, ಅವರು ಮಾತಾಡದೆ ಕಾಫಿ ಗಿಡಗಳ ನಡುವೆ ಹೋದದ್ದಕ್ಕೆ. ಆನೆ ಇರುವ ತೋಟ, ಗುಂಪಾಗಿ ಹೋಗಿ, ತಗಡು ಬಡಿಯಿರಿ, ಹಾಡು ಹೇಳಿ, ಏನೂ ಇಲ್ಲದಿದ್ದರೆ ನನ್ನನ್ನೇ ಬಯ್ಯುತ್ತಾ ಹೋಗಿ, ಆದರೆ ಸದ್ದಿಲ್ಲದೆ ಹೋಗಬೇಡಿ. ಇದು ನಿಮ್ಮದೇ ಕಟ್ಟಪ್ಪಣೆ. ನಾವು ಬರುವುದು ಗೊತ್ತಾದರೆ ಆನೆ ತಾನಾಗಿ ದಾರಿ ಬಿಡುತ್ತದೆ, ಗೊತ್ತಾಗದಿದ್ದರೆ ಹೆದರಿ ಮೇಲೆ ಬೀಳುತ್ತದೆ ಎಂದು ನನಗೂ ಹೇಳಿಕೊಟ್ಟವರು ನೀವೇ. ಅಷ್ಟು ಗೊತ್ತಿದ್ದವರು ನೀವು, ಭಾನುವಾರ ಬಂದ ಕೂಡಲೇ ಅದನ್ನೆಲ್ಲ ಎಲ್ಲಿ ಬಿಚ್ಚಿಡುತ್ತಿದ್ದಿರಿ? ವಾರದ ಶರ್ಟಿನ ಜೇಬಿನಲ್ಲಾ? ನನ್ನ ಸಿಟ್ಟು ಇದೇ. ಆನೆಯ ಮೇಲೆ ನನಗೆ ಸಿಟ್ಟಿಲ್ಲ.

ನಿಮ್ಮ ಕೊನೆಯ ಆ ಭಾನುವಾರ ಹಲಸು ಹಣ್ಣಾಗಿ ಇಡೀ ಇಳಿಜಾರು ಘಮಘಮ ಅನ್ನುತ್ತಿತ್ತು. ಮಳೆಗಾಲ ಇನ್ನೇನು ಶುರುವಾಗಬೇಕು. ನಾವು ಮೂವರು ಗೇಟಿಗೆ ಬಂದಾಗ ಲೀಲಕ್ಕ ಹೊರಗೆ ಬಂದು, ಅವರು ಆಗಲೇ ಪೆಟ್ಟಿಗೆ ನೋಡಿ ಬರುತ್ತೇನೆಂದು ಹೋದರು, ಕಾಫಿ ಕುಡಿಯುತ್ತಾ ಇರಿ ಎಂದರು. ಕಾಫಿ ಕುಡಿದೆವು. ಹಮೀದ್ ಬಾನೆಟ್ ಮೇಲೆ ಟವೆಲ್ ಹಾಸಿ ನಿಮ್ಮದೇ ಒಂದು ಕ್ಯಾಮೆರಾ ಬಿಚ್ಚತೊಡಗಿದ. ಡೈಸಿ ಟೀಚರ್ ಬೇಲಿಯ ಹತ್ತಿರ ರೆಕಾರ್ಡರ್ ಆನ್ ಮಾಡಿಟ್ಟು, ಸಿಳ್ಳೆ ಹಾಕುವ ಹಕ್ಕಿಗಾಗಿ ಕಣ್ಣು ಮುಚ್ಚಿ ಕೂತರು. ನಾನು ಎಲೆಯಡಿ ಹುಳ ಹುಡುಕುತ್ತಿದ್ದೆ. ಯಾರೂ ಮಾತಾಡುತ್ತಿರಲಿಲ್ಲ. ಮೇಲಿನಿಂದ ಕೊಂಬೆ ಮುರಿದ ಸದ್ದು ಬಂತು. ಹಮೀದ್ ತಲೆಯೆತ್ತಿ ನನ್ನ ಕಡೆ ನೋಡಿ, ಮೂಗಿನ ಮುಂದೆ ತೋಳು ಇಳಿಬಿಟ್ಟು ತೋರಿಸಿ, ನಕ್ಕ. ಇವತ್ತು ಪೂವಯ್ಯಣ್ಣನಿಗೆ ಒಳ್ಳೆ ಫೋಟೋ ಸಿಕ್ಕಿತು ಅನ್ನುವ ನಗು. ನಾನೂ ನಕ್ಕು ಲೆನ್ಸು ಬದಲಾಯಿಸಿಕೊಂಡೆ. ಆಮೇಲೆ ಲೈನಿನ ಕಡೆಯಿಂದ ಹೆಂಗಸರು ಕೂಗಿಕೊಂಡು ಓಡಿಬಂದರು.

ನೀವು ಬಿದ್ದಿದ್ದ ಜಾಗದ ಬಗ್ಗೆ ನಾನು ಬರೆಯುವುದಿಲ್ಲ, ನಿಮಗೇ ಗೊತ್ತು. ಹಲಸಿನ ಮರದ ಕೆಳಗೆ, ದಾರಿ ತಿರುಗುವಲ್ಲಿ. ಆನೆ ಹಣ್ಣು ತಿನ್ನುತ್ತಾ ಬೆನ್ನು ಹಾಕಿ ನಿಂತಿತ್ತಂತೆ, ನೀವು ಪೆಟ್ಟಿಗೆ ನೋಡಿಕೊಂಡು ಇಳಿದು ಬರುತ್ತಿದ್ದಿರಂತೆ. ಅರಣ್ಯದವರು ಹೆಜ್ಜೆ ನೋಡಿ ಹೇಳಿದ್ದು ಇಷ್ಟು. ನೀವು ಬಂದದ್ದು ಅದಕ್ಕೆ ಗೊತ್ತೇ ಆಗಿಲ್ಲ. ಕ್ಯಾಮೆರಾ ಕುತ್ತಿಗೆಯಲ್ಲಿ ಇರಲಿಲ್ಲ, ಅದು ಮನೆಯಲ್ಲೇ ಇತ್ತು. ಜೇನಿಗೆ ಹೋಗುವಾಗ ನೀವು ಕ್ಯಾಮೆರಾ ಒಯ್ಯುತ್ತಿರಲಿಲ್ಲವಲ್ಲ. ನಡಿಗೆ ಮಾತ್ರ ಕ್ಯಾಮೆರಾದವರ ನಡಿಗೆ. ಆ ದಿನ ಬೇಲಿಯ ಹತ್ತಿರ ಓಡುತ್ತಲೇ ಇದ್ದ ರೆಕಾರ್ಡರನ್ನು ಡೈಸಿ ಟೀಚರ್ ಸಂಜೆ ಆಫ್ ಮಾಡಿ ಬ್ಯಾಗಿಗೆ ಹಾಕಿದರು. ಅದರಲ್ಲಿ ಏನಿದೆಯೋ, ಇವತ್ತಿನವರೆಗೂ ಅವರು ಕೇಳಿಲ್ಲ. ನಾವೂ ಕೇಳಿ ಎಂದು ಹೇಳಿಲ್ಲ.

ಕಾರ್ಯವೆಲ್ಲ ಮುಗಿದ ಮೇಲೆ ಒಂದು ದಿನ ಲೀಲಕ್ಕ ನನ್ನನ್ನು ಪಕ್ಕಕ್ಕೆ ಕರೆದರು. ನಿಮ್ಮ ಫೋಟೋಗಳಿಗೆ ಏನೂ ಕಮ್ಮಿ ಇರಲಿಲ್ಲ, ನಾವು ಮೂವರೂ ತೆಗೆದದ್ದು ರಾಶಿ ಇತ್ತು. ಜೇನುಹುಳ ಮೀಸೆಯ ಮೇಲೆ ಕೂತದ್ದು, ಹಮೀದನ ಟವೆಲ್ ಮೇಲಿನ ಸ್ಕ್ರೂ ಹುಡುಕುತ್ತಿರುವುದು. ಅವರಿಗೆ ಬೇಕಾಗಿದ್ದದ್ದು ಫೋಟೋ ಅಲ್ಲ. "ಟೀಚರ ಹತ್ತಿರ ಇಷ್ಟು ವರ್ಷದ್ದು ರೆಕಾರ್ಡ್ ಉಂಟಲ್ಲ, ಅದ್ರಲ್ಲಿ ಎಲ್ಲಾದ್ರೂ ಇವ್ರ ಮಾತು ಇರ್ತದೆ. ಒಂದು ಸಲ ಕೇಳಿಸ್ತೀರಾ?" ಡೈಸಿ ಟೀಚರ್ ಆ ಒಂದು ದಿನದ್ದನ್ನು ಬಿಟ್ಟು ಮಿಕ್ಕದ್ದೆಲ್ಲ ತಂದರು. ನಿಮ್ಮ ಅಡುಗೆಮನೆಯಲ್ಲಿ ಕೂತು ಎಷ್ಟು ಭಾನುವಾರಗಳ ರೆಕಾರ್ಡ್ ಕೇಳಿದೆವೋ. ಹಕ್ಕಿ ಕೂಗುತ್ತದೆ, ಎಲೆ ಅಲುಗುತ್ತದೆ, ನನ್ನ ಕೆಮ್ಮು ಬರುತ್ತದೆ, ಹಮೀದನ ಸೀನು ಬರುತ್ತದೆ. ನಿಮ್ಮದು ಒಂದು ಮಾತೂ ಇಲ್ಲ ಅಣ್ಣ. ನಿಯಮ ಮಾಡಿದವರು ಒಂದು ದಿನವೂ ತಪ್ಪಿಲ್ಲ. ಲೀಲಕ್ಕ ಕೊನೆಗೆ ಸಾಕು ಎಂದರು. ಇಷ್ಟು ದೊಡ್ಡ ಗಂಟಲಿನವರದು ಒಂದು ದನಿಯೂ ಉಳಿಯಲಿಲ್ಲ ಎಂದು ಎದ್ದು ಹೋಗಿ ಪಾತ್ರೆ ತೊಳೆಯತೊಡಗಿದರು.

ಅದೇ ಅಡುಗೆಮನೆಯಲ್ಲಿ, ಮಳೆ ಹಿಡಿದುಕೊಂಡ ಮೊದಲ ವಾರ, ನಾನು ಜೇನಿನ ಮಾತು ತೆಗೆದೆ. ಮಳೆಗಾಲದಲ್ಲಿ ಹೂವಿಲ್ಲ, ವಾರಕ್ಕೊಮ್ಮೆ ಸಕ್ಕರೆ ಪಾಕ ಇಡದಿದ್ದರೆ ಸಾಯುತ್ತವೆ ಎಂದು ನೀವು ಹೇಳುತ್ತಿದ್ದದ್ದು ನನಗೆ ನೆನಪಿತ್ತು. ನಾವು ಮೂವರು ಸೇರಿ ನೋಡಿಕೊಳ್ಳುತ್ತೇವೆ ಎಂದೆ. ಲೀಲಕ್ಕನ ಮುಖವೇ ಬದಲಾಯಿತು. "ಅವರನ್ನ ತಿಂದದ್ದು ಆನೆ ಅಲ್ಲ ಜಯಂತಿ, ಈ ಹುಳ. ಇವು ಇಲ್ಲದಿದ್ರೆ ಅಷ್ಟೊತ್ತಿಗೆ ಅವ್ರು ಮೇಲೆ ಯಾಕೆ ಹೋಗ್ತಿದ್ರು? ಈಗ ನಿನ್ನನ್ನ ಕಳಿಸಿ ನಾನು ಮತ್ತೊಂದು ಸಲ ಗೇಟಲ್ಲಿ ಕಾಯ್ಬೇಕಾ? ಸಾಯ್ಲಿ ಬಿಡು." ಆನೆಯನ್ನು ಪಟಾಕಿ ಹಚ್ಚಿ ಆಚೆಗೆ ಓಡಿಸಿದ್ದರು, ಅದು ವಾಪಸು ಬಂದು ಅದೇ ತೋಟದಲ್ಲಿ ತಿರುಗುತ್ತಿತ್ತು. ನನಗೂ ಹೆದರಿಕೆ ಇತ್ತು, ಸುಳ್ಳು ಯಾಕೆ ಹೇಳಲಿ. ಮನೆಗೆ ಬಂದು ಮಳೆ ನೋಡುತ್ತಾ ಕೂತರೆ ನಿಮ್ಮ ಪೆಟ್ಟಿಗೆಗಳೇ ಕಣ್ಣ ಮುಂದೆ ಬರುತ್ತಿದ್ದವು. ನಿಮ್ಮದು ಅಂತ ಆ ತೋಟದಲ್ಲಿ ಉಸಿರಾಡುತ್ತಿದ್ದದ್ದು ಅದೊಂದೇ ಅಲ್ಲವೇ?

ನೀವು ಆಟಿ ಅನ್ನುವ ಆಷಾಢದ ನಡುವೆ ಮಳೆ ಸ್ವಲ್ಪ ಹೊಳವಾದ ಒಂದು ಬೆಳಿಗ್ಗೆ ಲೀಲಕ್ಕನ ಫೋನು ಬಂತು. ಹಿತ್ತಲಿನಲ್ಲಿ ಬೆಲ್ಲದ ಕಾಫಿ ಕುಡಿದಿಟ್ಟ ಲೋಟದೊಳಗೆ ಜೇನುಹುಳ ಬಂದು ಕೂತಿವೆಯಂತೆ. ಓಡಿಸಿದರೂ ಹೋಗುತ್ತಿಲ್ಲ, ಕಚ್ಚುತ್ತಲೂ ಇಲ್ಲ, ತಳದ ಗಷ್ಟನ್ನು ನೆಕ್ಕುತ್ತಿವೆಯಂತೆ. ಕೆಲವು ಅಲ್ಲೇ ಬಿದ್ದು ಸತ್ತಿವೆಯಂತೆ. ಸಿಟ್ಟು ಬಂದಷ್ಟೇ ಬೇಗ ಅವರಿಗೆ ಅಳುವೂ ಬಂತು. "ಹಸ್ಕೊಂಡು ಬಾಗಿಲಿಗೆ ಬಂದವನ್ನ ಹೇಗೆ ಓಡಿಸೋದು? ನೀವು ಪಾಕ ಇಡ್ಲಿಕ್ಕೆ ಹೋಗಿ. ಆದ್ರೆ ಬೊಬ್ಬೆ ಹೊಡ್ಕೊಂಡು ಹೋಗ್ಬೇಕು. ನನಗೆ ಇಲ್ಲಿಗೆ ಕೇಳ್ಬೇಕು." ಆ ಭಾನುವಾರವೇ ಹೋದೆವು. ಹಮೀದ್ ಹಾರನ್ ಒತ್ತಿ ಒತ್ತಿ ಗೇಟು ದಾಟಿದ. ನಾನು ಸ್ಟೀಲ್ ತಟ್ಟೆ ಬಡಿದೆ. ಡೈಸಿ ಟೀಚರ್ ಹಿಂದೆ ಪ್ರೈಮರಿ ಮಕ್ಕಳನ್ನು ಕೂಗುತ್ತಿದ್ದ ದನಿ ತೆಗೆದು ಮಗ್ಗಿ ಹೇಳಿದರು. ನೋಡಿದ್ದರೆ ನೀವು ನಮ್ಮ ಮೂವರಿಗೂ ಸ್ಟ್ಯಾಂಡು ಹೊರಿಸುತ್ತಿದ್ದಿರಿ.

ಆದರೂ ಒಂದು ಹೇಳುತ್ತೇನೆ. ಹಲಸಿನ ಮರ ದಾಟಿ ಪೆಟ್ಟಿಗೆ ಕಾಣುತ್ತಿದ್ದಂತೆ ನಾವು ಮೂವರೂ ಬಾಯಿ ಮುಚ್ಚುತ್ತಿದ್ದೆವು. ಯಾರೂ ಯಾರಿಗೂ ಹೇಳಿದ್ದಲ್ಲ. ಜೇನಿಗೆ ಗಲಾಟೆ ಆಗಲ್ಲ ಎಂದು ನೀವು ಹೇಳಿದ್ದಿರಲ್ಲ. ಹಸಿದ ಹುಳ, ರೇಗಿ ಗೂಡು ಬಿಟ್ಟರೆ ಅಲ್ಲಿಗೆ ಮುಗಿಯಿತು. ಕೊನೆಯ ಆ ಸ್ವಲ್ಪ ದೂರವನ್ನು ಉಸಿರು ಹಿಡಿದು, ಹಿಂದೆ ಮುಂದೆ ನೋಡುತ್ತಾ ನಡೆದೆವು. ಮಳೆಗಾಲ ಪೂರ್ತಿ ಹಾಗೇ ನಡೆದೆವು. ನಿಮಗೆ ಆದದ್ದನ್ನು ನೋಡಿದ ಮೇಲೂ ನಿಮ್ಮ ಮಾತು ಮೀರಲು ನಮಗೆ ಧೈರ್ಯ ಬರಲಿಲ್ಲ.

ಮೊದಲ ಸಲ ಪೆಟ್ಟಿಗೆ ತೆರೆದಾಗ ಎರಡು ಆಗಲೇ ಖಾಲಿಯಾಗಿದ್ದವು. ಎರಿಯ ತುಂಬ ಬಿಳಿ ಬಲೆ, ಬಲೆಯೊಳಗೆ ನನ್ನ ಸಾಕುಮಕ್ಕಳು, ದಪ್ಪಗೆ. ಕ್ಯಾಮೆರಾ ಕುತ್ತಿಗೆಯಲ್ಲೇ ಇತ್ತು. ಇಷ್ಟು ಹತ್ತಿರದಿಂದ, ಇಷ್ಟು ಹುಳ, ಬೇರೆ ದಿನವಾಗಿದ್ದರೆ ನಾನು ಊಟ ಮರೆತು ಕೂರುತ್ತಿದ್ದೆ. ಅವತ್ತು ಒಂದೊಂದನ್ನೂ ಬೆರಳಿನಲ್ಲಿ ಹೊಸಕಿದೆ. ಹಮೀದ್ ಬಿಡಿ ಜಯಂತಕ್ಕ, ಬಿಡಿ ಎಂದು ಕೈ ಹಿಡಿಯುವವರೆಗೂ ಹೊಸಕಿದೆ. ಆಮೇಲೆ ಮನೆಗೆ ಬಂದು ಕಿಟಕಿಯ ಬಾಟಲಿಗಳನ್ನೆಲ್ಲ ತೊಳೆದು ಕವುಚಿಟ್ಟೆ. ಈಗ ಅವುಗಳಲ್ಲಿ ಹುಕ್ಕು, ಗುಂಡಿ ತುಂಬಿಟ್ಟಿದ್ದೇನೆ. ಮಿಕ್ಕ ಮೂರಕ್ಕೆ ತೆಂಗಿನ ಗೆರಟೆಯಲ್ಲಿ ಪಾಕ ಇಟ್ಟು, ಹುಳ ಮುಳುಗದಂತೆ ಕಡ್ಡಿ ಹಾಕಿ, ನೀವು ಮಾಡುತ್ತಿದ್ದಂತೆಯೇ ಎಲ್ಲ ಮಾಡಿದೆವು. ಎರಡು ಹೋದವು. ಯಾವ ರೋಗವೋ, ಯಾವ ತಪ್ಪೋ, ಕೇಳೋಣವೆಂದರೆ ಕೇಳಬೇಕಾದವರೇ ಇಲ್ಲ.

ಈಗ ಹೋದ ಭಾನುವಾರದ್ದು. ಹೂಮಳೆ ಬಿದ್ದು ಇಡೀ ತೋಟ ಕಾಫಿ ಹೂವಿನಿಂದ ಬೆಳ್ಳಗೆ ಅರಳಿತ್ತು. ಉಳಿದ ಒಂದು ಪೆಟ್ಟಿಗೆಯನ್ನು ನೋಡಲು ನಾವು ಹೊರಟಾಗ ಲೀಲಕ್ಕ ಸೆರಗು ಸಿಕ್ಕಿಸಿಕೊಂಡು ಹೊರಗೆ ಬಂದರು, ಕೈಯಲ್ಲಿ ಹಿತ್ತಾಳೆ ತಟ್ಟೆ, ಸೌಟು. ನಾನೂ ಬರ್ತೇನೆ ಎಂದರು. ನೀವು ಹೋದ ಮೇಲೆ ಅವರು ಆ ಗೇಟು ದಾಟಿದ್ದು ಅದೇ ಮೊದಲು. ದಾರಿಯುದ್ದಕ್ಕೂ ಬಡಿದರು. ಹಲಸಿನ ಮರದ ಕೆಳಗೆ ಬಂದಾಗ ಇನ್ನೂ ಜೋರಾಗಿ ಬಡಿದರು. ಮರ ದಾಟಿದೆವು. ಎಂದಿನಂತೆ ನಾನು ತಟ್ಟೆ ಇಳಿಸಿದೆ, ಹಮೀದ್ ಸುಮ್ಮನಾದ, ಟೀಚರ ಮಗ್ಗಿ ನಿಂತಿತು. ಲೀಲಕ್ಕನಿಗೆ ಪೆಟ್ಟಿಗೆಯ ಹತ್ತಿರದ ಈ ನಿಯಮ ಎಲ್ಲಿ ಗೊತ್ತು? ಅವರು ಬಡಿಯುತ್ತಲೇ ಹೋದರು. ನಾನು ಓಡಿಹೋಗಿ ತಡೆಯುವಷ್ಟರಲ್ಲಿ ಪೆಟ್ಟಿಗೆಯ ಮುಂದೆಯೇ ನಿಂತು, ಮೈಮೇಲೆ ಬಂದವರಂತೆ ಬಡಿದರು. ಜೊತೆಗೆ ನಿಮ್ಮ ಹೆಸರು ಹಿಡಿದು ಕೂಗಿದರು, ಬೈದರು. ನಾನು ಸೆರಗನ್ನು ಮುಖಕ್ಕೆ ಮುಚ್ಚಿಕೊಂಡು ನಿಂತೆ, ಈಗ ಮುತ್ತಿಕೊಳ್ಳುತ್ತವೆ ಎಂದು.

ಏನೂ ಆಗಲಿಲ್ಲ ಅಣ್ಣ. ಜೇನು ಬರುತ್ತಿದ್ದವು, ಹೋಗುತ್ತಿದ್ದವು. ಕಾಲಿಗೆ ಹೂವಿನ ಪುಡಿ ಮೆತ್ತಿಕೊಂಡು ಬಂದು ಬಾಗಿಲಲ್ಲಿ ಇಳಿದು ಒಳಗೆ ಹೋಗುತ್ತಿದ್ದವು. ಒಂದೂ ರೇಗಲಿಲ್ಲ. ಪೆಟ್ಟಿಗೆಗೆ ಕೈ ತಾಗಿದರೆ ಮಾತ್ರ ಒಳಗೆ ಗುಂಯ್ ಎನ್ನುತ್ತದೆ. ಕೂಗು, ತಟ್ಟೆ, ಬೈಗುಳ, ಇವೆಲ್ಲ ಅವುಗಳ ಲೆಕ್ಕಕ್ಕೇ ಇಲ್ಲ. ಲೀಲಕ್ಕನ ಕೈ ಸೋತು ತಟ್ಟೆ ಕೆಳಗಿಳಿಯಿತು. ಬಗ್ಗಿ ಜೇನು ಬಂದು ಹೋಗುವುದನ್ನು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ಸಿಟ್ಟಿಲ್ಲದೆ, ಮಗು ಕೇಳುವಂತೆ ಕೇಳಿದರು.

"ಇವಕ್ಕೆ ಎಂತದೂ ಆಗೋದಿಲ್ವಲ್ಲ ಜಯಂತಿ. ಮತ್ತೆ ಅವ್ರು ಯಾಕೆ ಸುಮ್ಮನೆ ಹೋಗ್ತಿದ್ರು?"

ಜೇನಿಗೆ ತೊಂದರೆ ಆಗಬಾರದೆಂದು ಹೋಗುತ್ತಿದ್ದರು ಅನ್ನಲೇ? ಅವರ ಎದುರಿಗೇ ಆ ಜೇನು ತಮ್ಮ ಪಾಡಿಗೆ ಕೆಲಸ ಮಾಡಿಕೊಂಡಿದ್ದವು. ಹಮೀದ್ ಅತ್ತ ತಿರುಗಿ ನಿಂತಿದ್ದ. ಡೈಸಿ ಟೀಚರ್ ಕನ್ನಡಕ ತೆಗೆದು ಒರೆಸುತ್ತಲೇ ಇದ್ದರು. ಗೊತ್ತಿಲ್ಲ ಲೀಲಕ್ಕ ಎಂದೆ. ಅವರ ಕೈಹಿಡಿದುಕೊಂಡು ಇಳಿದು ಬಂದೆ. ಬರುವಾಗ ನಾವು ನಾಲ್ವರೂ ಬಡಿಯುತ್ತಲೇ ಬಂದೆವು.

ನಿಮ್ಮ ನಿಯಮವನ್ನು ನಾವು ಮುರಿದಿದ್ದೇವೆ, ತಿಳಿದಿರಲಿ. ಇನ್ನು ಮೇಲೆ ಗೇಟು ದಾಟಿ ಸುಮ್ಮನಾದವರು ಸ್ಟ್ಯಾಂಡು ಹೊರಬೇಕು. ಹಕ್ಕಿಯ ಫೋಟೋ ಒಂದೂ ಸಿಗುವುದಿಲ್ಲ, ಟೀಚರ ರೆಕಾರ್ಡರಿನಲ್ಲಿ ತಟ್ಟೆಯ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಇರಲಿ. ಅವರು ಅದನ್ನು ಅಳಿಸುವುದಿಲ್ಲವಂತೆ, ನಮ್ಮೆಲ್ಲರ ಗಂಟಲೂ ಅದರಲ್ಲಿ ಇರಲಿ ಅನ್ನುತ್ತಾರೆ. ಆ ದಿನ ಹಮೀದ್ ಟವೆಲ್ ಮೇಲೆ ಬಿಚ್ಚಿದ್ದ ನಿಮ್ಮ ಕ್ಯಾಮೆರಾ ಸರಿಯಾಗಿದೆ. ಕೊಡಲು ಹೋದರೆ ಲೀಲಕ್ಕ ನೀನೇ ಇಟ್ಟುಕೋ ಎಂದರು, ಅವನು ಅದನ್ನು ಜೀಪಿನಲ್ಲಿಟ್ಟುಕೊಂಡು ತಿರುಗುತ್ತಾನೆ, ಒಂದು ಫೋಟೋ ಕೂಡ ತೆಗೆದಿಲ್ಲ. ಜೇನನ್ನು ನಾನು ನೋಡಿಕೊಳ್ಳುತ್ತೇನೆ. ಈ ಹೂವು ಮುಗಿಯುವುದರೊಳಗೆ ಒಂದು ಪೆಟ್ಟಿಗೆಯನ್ನು ಎರಡು ಮಾಡಬೇಕು, ಹೇಗೆಂದು ಸರಿಯಾಗಿ ಗೊತ್ತಿಲ್ಲ, ಕಲಿಯುತ್ತೇನೆ. ಲೀಲಕ್ಕ ಪ್ರತಿ ಭಾನುವಾರ ಬರುತ್ತಾರಂತೆ. ತಟ್ಟೆಗೆ ಅವರ ಕೈಯೇ ಆಗಬೇಕು, ನಮ್ಮದು ಅಷ್ಟು ದೂರ ಕೇಳುವುದಿಲ್ಲ.

ಅವರು ಕೇಳಿದ್ದಕ್ಕೆ ಉತ್ತರ ನನಗೆ ಗೊತ್ತಿದೆ, ನಿಮಗೂ ಗೊತ್ತಿದೆ: ಜೇನು ರೇಗಬಾರದೆಂದು. ಅದನ್ನು ನಾನು ಅವರಿಗೆ ಯಾವತ್ತೂ ಹೇಳುವುದಿಲ್ಲ. ನಿಮಗೆ ಮಾತ್ರ ಹೇಳುತ್ತೇನೆ, ಯಾಕೆಂದರೆ ಅದರ ಇನ್ನರ್ಧ ನಿಮಗೆ ಗೊತ್ತೇ ಆಗದೆ ಉಳಿದ ಸುದ್ದಿ. ನೀವು ಕೂಗಬಹುದಿತ್ತು ಅಣ್ಣ. ಇಳಿದು ಬರುವಾಗ, ಲೈನಿನ ಹೆಂಗಸರನ್ನು ಬಯ್ಯುತ್ತಿದ್ದ ಆ ಗಂಟಲಿನಲ್ಲಿ, ಒಂದೇ ಒಂದು ಸಲ. ಜೇನು ಏನೂ ಅಂದುಕೊಳ್ಳುತ್ತಿರಲಿಲ್ಲ.

ನಿಮ್ಮ ಟೈಲರಮ್ಮ,
ಜಯಂತಿ